ಒಂದೇ ಗ್ರೈಂಡರು, ಎರಡು ರೇಟು

ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲಿ ನಮ್ಮದು ಮಿಕ್ಸಿ, ಫ್ಯಾನು, ಗೀಸರು ಮಾರುವ ಅಂಗಡಿ. ಅಪ್ಪ ಪೇಟೆ ಬಿಟ್ಟು ಬಂದು ಇಲ್ಲಿ ಹಾಕಿದ್ದು. ಈಗ ಫೋನಿನಲ್ಲೂ ನಮ್ಮ ಹೆಸರಿನ ಅಂಗಡಿ ಇದೆ, ಆ ಘನಕಾರ್ಯ ನನ್ನದು. ಅಲ್ಲಿ ರೇಟು ಇಳಿಸದಿದ್ದರೆ ನಾಯಿಯೂ ಮೂಸುವುದಿಲ್ಲ, ಹಾಗಾಗಿ ಇಳಿಸಿದ್ದೇನೆ. ಅಂಗಡಿಗೆ ನಡೆದು ಬರುವವರಿಗೆ ಮಾತ್ರ ಹಳೇ ರೇಟು. ಬಾಡಿಗೆ ಯಾರಪ್ಪ ಕೊಡಬೇಕು? ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಹಾಯಾಗಿದ್ದೆ.

ಮೊನ್ನೆ ಬೆಳಗ್ಗೆ ಊದುಬತ್ತಿ ಹಚ್ಚುತ್ತಿದ್ದಾಗಲೇ ಶಂಕರಪುರಂನ ಟೀಚರಮ್ಮ ಬಂದರು. ರಿಟೈರಾಗಿ ಎಷ್ಟೋ ವರ್ಷವಾಯಿತು. ಅಪ್ಪನ ಕಾಲದಿಂದ ನಮ್ಮಲ್ಲೇ ವ್ಯಾಪಾರ, ಒಂದು ದಿನ ಚೌಕಾಸಿ ಮಾಡಿದವರಲ್ಲ. ಜೊತೆಗೆ ಪಕ್ಕದ ಮನೆಯ ಹೆಂಗಸನ್ನೂ ಕರೆತಂದಿದ್ದರು.

"ಗ್ರೈಂಡರ್ ಕೊಡಿ. ಯಾವ್ದು ಒಳ್ಳೇದು ಅಂತ ನೀವೇ ನೋಡಿ ಕೊಟ್ಬಿಡಿ" ಎಂದರು. ಕೊಟ್ಟೆ, ಅಂಗಡಿ ರೇಟಿಗೇ ಕೊಟ್ಟೆ. ಬೋಣಿಯ ದುಡ್ಡು, ದೇವರಿಗೆ ತೋರಿಸಿ ಗಲ್ಲಾಕ್ಕೆ ಹಾಕಿದೆ.

ಅಷ್ಟರಲ್ಲಿ ಆ ಹೆಂಗಸು ಫೋನು ಚಾಚಿದಳು. "ಸಾರ್, ಇಲ್ಲಿ ಕಮ್ಮಿ ಇದೆಯಲ್ಲಾ? ಕೊಡೋರು ನೀವೇ ಅಂತಾನೂ ಹಾಕಿದೆ."

ವ್ಯತ್ಯಾಸದ ದುಡ್ಡು ವಾಪಸ್ ಕೊಟ್ಟು ಕೈ ಮುಗಿದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬೋಣಿಯ ದುಡ್ಡು ಸಂಜೆ ದೀಪ ಹಚ್ಚುವ ತನಕ ಗಲ್ಲಾದಿಂದ ಈಚೆಗೆ ಬರಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಬೋಣಿಗೆ ಚಿಲ್ಲರೆ ಕೊಡಬೇಕಾದರೂ ಅಪ್ಪ ಪಕ್ಕದ ಅಂಗಡಿಗೆ ಓಡುತ್ತಿದ್ದರು. ಗಲ್ಲಾ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಸುಳ್ಳು ಹೇಳಲು ಧಾರಾಳವಾಗಿ ಬಂತು.

"ಅದು ಬೇರೆ ಮಾಡೆಲ್ಲು ಮೇಡಂ" ಎಂದೆ.

ಟೀಚರಮ್ಮ ಅವಳ ಮೇಲೇ ಹರಿಹಾಯ್ದರು. "ಏನೇ ನೀನು! ಇವರಪ್ಪನ್ನ ನೋಡಿದೀನಿ ನಾನು. ಒಂದೇ ಮಾತಿನ ಜನ. ಫೋನಲ್ಲಿ ಏನೇನೋ ಹಾಕಿರ್ತಾರೆ, ಅದನ್ನ ನಂಬ್ಕೊಂಡು ಇವರನ್ನ ಕೇಳ್ತೀಯಲ್ಲ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಫೋನು ಒತ್ತುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನು ಟಿಣ್ ಎಂದಿತು. ನೋಡಿದರೆ ನಮ್ಮ ಆನ್‌ಲೈನ್ ಅಂಗಡಿಗೇ ಆರ್ಡರು, ಅದೇ ಗ್ರೈಂಡರು, ಕಮ್ಮಿ ರೇಟು.

"ನಂಗೂ ಒಂದು ತಗೊಂಡೆ ಸಾರ್. ಕೊಟ್ಬಿಡಿ, ಇಬ್ಬರೂ ಒಂದೇ ಆಟೋದಲ್ಲಿ ತಗೊಂಡು ಹೋಗ್ತೀವಿ" ಎಂದಳು.

ಇನ್ನೇನು ಮಾಡಲಿ? ಅದೇ ಸಾಲಿನಿಂದ ಇನ್ನೊಂದು ಡಬ್ಬ ಇಳಿಸಿ, ಮೊದಲನೆಯದರ ಪಕ್ಕದಲ್ಲೇ ಇಟ್ಟೆ. ಅದೇ ಬಣ್ಣ, ಅದೇ ಚಿತ್ರ, ಅದೇ ನಂಬರು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಎರಡೂ ಒಂದೇ ಅಲ್ವೇನೇ?"

"ಇಲ್ಲಮ್ಮ, ನಂದು ಬೇರೆ ಮಾಡೆಲ್ಲು" ಎಂದಳು ಅವಳು, ನನ್ನ ಕಡೆ ನೋಡದೆ. ನನ್ನ ಸುಳ್ಳನ್ನು ನನಗಾಗಿ ಹೊರುವ ದರ್ದು ಅವಳಿಗಿರಲಿಲ್ಲ. ಆ ಮುದುಕಿಯ ನಂಬಿಕೆ ಕೆಡಬಾರದೆಂದು ಹೊತ್ತಳು. ಅಯ್ಯೋ, ನನ್ನ ಜನ್ಮಕ್ಕಿಷ್ಟು!

ಟೀಚರಮ್ಮ ದಡ್ಡರಲ್ಲ. ಡಬ್ಬಗಳನ್ನೂ ನನ್ನ ಮುಖವನ್ನೂ ನೋಡಿದರು. ಇಬ್ಬರೂ ಡಬ್ಬಗಳನ್ನು ಆಟೋಗೆ ಹಾಕಿಸಿಕೊಂಡು ಕೂತರು.

ಆಗ ತಡೆಯಲಾಗಲಿಲ್ಲ. ಕಟ್ಟಳೆ ಹಾಳಾಗಿ ಹೋಗಲಿ ಎಂದು ಗಲ್ಲಾ ಎಳೆದು, ಹೆಚ್ಚಿಗೆ ತೆಗೆದುಕೊಂಡಿದ್ದ ನೋಟುಗಳನ್ನು ಹಿಡಿದು ರಸ್ತೆಗೆ ಓಡಿದೆ. "ತಪ್ಪಾಯ್ತಮ್ಮ, ಎರಡೂ ಒಂದೇ. ತಗೊಳ್ಳಿ" ಎಂದೆ.

ಅವರು ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಬೇಡಪ್ಪ. ಬೋಣಿ ದುಡ್ಡು ಹೀಗೆ ಈಚೆಗೆ ತೆಗೀಬಾರದು, ನಿಮ್ಮಂಗಡಿಗೆ ಒಳ್ಳೇದಾಗಲ್ಲ. ಒಳಗಿಡು ಹೋಗು."