ಬಂದವರು ನಿಂತೇ ಇದ್ದಾಗ

ಚರ್ಚಾಸ್ಪರ್ಧೆಗಳಿಂದ ಅಂಟಿದ ಚಟ ನನ್ನದು: ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧ. ಪಿಎಚ್‌ಡಿ ಗೈಡ್ ಮೇಡಂ ಜೊತೆಗೂ ಹಾಗೇ ಜಗಳ. ದೂರದಲ್ಲಿದ್ದವರನ್ನು ಎದುರಿಗೇ ತಂದು ನಿಲ್ಲಿಸುವ ರೋಬೋಟ್‌ಗಳಿಗೆ ಅರ್ಧ ಆಯುಷ್ಯ ಕೊಟ್ಟವರು ಅವರು. ಅದು ಕೋಲಿಗೆ ಕಟ್ಟಿದ ಫೋನು, ಅದನ್ನು ಯಾರೂ ಮನುಷ್ಯರೆಂದು ಬಗೆಯುವುದಿಲ್ಲ ಎಂದು ಪ್ರಬಂಧ ಬರೆಯಲು ಹೊರಟವಳು ನಾನು. ಗಡಿಯೂರು ಉಟಗಿಯ ನಿಮ್ಮ ದೊಡ್ಡವ್ವನ ಮನೆಯಲ್ಲೇ ನೋಡೋಣ, ಅಲ್ಲಿ ನಿನ್ನ ವಾದ ನಿಲ್ಲದಿದ್ದರೆ ವಿಷಯ ಬದಲಿಸು ಎಂದರು. ಒಪ್ಪಿದೆ.

ರೋಬೋಟನ್ನು ಜೀಪಿನಿಂದ ಇಳಿಸಿ ಜೋಡಿಸಿದೆ: ಎರಡು ಚಕ್ರ, ಎದೆಮಟ್ಟದ ಕಂಬ, ತುದಿಗೆ ಪರದೆ. ಪುಣೆಯಲ್ಲಿ ಕೂತ ಮೇಡಂ ಅದನ್ನು ತಾವೇ ನಡೆಸುತ್ತ ಪಡಸಾಲೆಗೆ ಬಂದರು. ಜಮಖಾನದ ಮೇಲಿದ್ದ ಓಣಿಯ ಹೆಂಗಸರೆಲ್ಲ ಎದ್ದರು. ದೊಡ್ಡವ್ವ ಸೆರಗು ಸರಿಮಾಡಿಕೊಂಡು, ‘ಬರ್ರಿ ಅಕ್ಕೋರ, ಕುಂದ್ರಿ’ ಅಂದಳು. ಕಂಬ ಕೂಡಲಿಲ್ಲ. ಕನ್ನಡ ತಿಳಿಯಲಿಲ್ಲವೇನೋ ಅಂತ ಮರಾಠಿಯಲ್ಲೂ ಹೇಳಿದಳು. ಬಂದವರು ನಿಂತಿರುವಾಗ ಮನೆಯವರು ಹೇಗೆ ಕೂಡಬೇಕು? ಎಲ್ಲರೂ ನಿಂತರು. ಮೇಡಂ ಏನು ಕೇಳಿದರೂ ಹೂಂ, ಇಲ್ಲ, ಅಷ್ಟೇ. ದೊಡ್ಡವ್ವನ ಮೊಣಕಾಲು ಬಾತಿತ್ತು. ಒಂದು ಕೈ ಗೋಡೆಗೆ ಹೋಯಿತು.

ಇವರಿಗೆ ನಾನು ಬೇಡವಾಗಿದ್ದೇನೆ, ನಿನ್ನ ವಾದವೇ ಸರಿ ಎಂದರು ಮೇಡಂ, ನನ್ನ ಇಯರ್‌ಫೋನಿನಲ್ಲಿ, ಸಣ್ಣ ದನಿಯಲ್ಲಿ.

ಅಲ್ಲ. ಫೋನಿಗಾಗಿ ಯಾರೂ ಬಾತ ಕಾಲಿನ ಮೇಲೆ ನಿಲ್ಲುವುದಿಲ್ಲ. ಅದು ಬರೀ ಫೋನು, ಕುಂದ್ರಿ ಅಂತ ನಾನೊಂದು ಮಾತು ಅಂದರೆ ಸಾಕು, ಎಲ್ಲರೂ ಕೂಡುತ್ತಾರೆ, ನನ್ನ ಪ್ರಬಂಧ ಉಳಿಯುತ್ತದೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ದೊಡ್ಡವ್ವ ಕಾಲು ಬದಲಿಸಿದಳು.

‘ನೀವು ನಿಂತಿದ್ದೀರಿ ಮೇಡಂ,’ ಅಂದೆ. ‘ಅದಕ್ಕೇ ಅವರೂ ನಿಂತಿದ್ದಾರೆ.’

ನಾನು ಹೇಗೆ ಕೂಡಲಿ ಎಂದರು ಮೇಡಂ. ಅಷ್ಟು ಬುದ್ಧಿವಂತರು ಸೇರಿ ಮಾಡಿದ ಯಂತ್ರಕ್ಕೆ ಕೂಡುವುದೊಂದನ್ನು ಯಾರೂ ಕಲಿಸಿರಲಿಲ್ಲ.

ಪರದೆ ಬಿಚ್ಚಿ ಕುರ್ಚಿಗೆ ಒರಗಿಸಿದೆ. ದೊಡ್ಡವ್ವ ಗೋಡೆ ಹಿಡಿದು ಕೂತಳು, ಅವಳ ಹಿಂದೆ ಉಳಿದವರು. ನೀರಿನ ತಂಬಿಗೆಯನ್ನು ಕುರ್ಚಿಯ ಮುಂದೆ ಸರಿಸಿದಳು.

‘ನೀವು ಕುಡಿಯೂದಿಲ್ಲಂತ ಗೊತ್ತೈತ್ರಿ. ಇಡಬೇಕಲ್ಲ. ನಮ್ಮ ಹುಡುಗಿ ನಿಮ್ಮ ಕೂಡಾನೂ ವಾದ ಹಾಕ್ತಾಳೇನ್ರಿ?’

ದಿನಾಲೂ ಎಂದರು ಮೇಡಂ ಮರಾಠಿಯಲ್ಲಿ; ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

‘ಇವತ್ತ ಗೆದ್ದಾಳೋ, ಸೋತಾಳೋ?’

ಮೇಡಂ ಕುರ್ಚಿಯಿಂದ ನನ್ನನ್ನೇ ನೋಡಿದರು.

‘ಸೋತೀನಿ,’ ಅಂದೆ.

‘ಹಂಗಾದ್ರ ಏಳು, ಚಾ ಇಡು.’