ರಕ್ಷಕರ ಹೆಸರಿನ ಜಾಗ

ನನ್ನ ಪುಳ್ಳಿಗಳೇ, ನನ್ನ ಮಗಳ ಮಕ್ಕಳೇ, ಬ್ರಿಟಿಷರ ಆ ಕಾಲದಲ್ಲಿ ನಿಮ್ಮ ಅಮ್ಮ ಕಾಲೇಜಿಗೆ ಹೋದದ್ದು ಹೇಗೆಂದು ಕೇಳುತ್ತಲೇ ಇರುತ್ತೀರಿ. ನಾಲ್ಕು ಜನರೆದುರು ಮಾತನಾಡಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅತ್ತಾವರದ ಬಾಡಿಗೆ ಮನೆಯಲ್ಲಿ ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದೆ. ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬಡವರ ಮಕ್ಕಳಿಗೆ ಸರಕಾರ ಅರ್ಧ ಫೀಸು ಬಿಡುತ್ತಿತ್ತು. ಅದು ಸಿಗದಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

ಅರ್ಜಿಯಲ್ಲಿ ರಕ್ಷಕರ ಹೆಸರು ಕೇಳಿದ್ದರು. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆತನದವರು, ಅವರ ಯಜಮಾನ ಸೋದರಮಾವ. ಹಾಗಾಗಿ ಮಗಳು ಹಿಂದೆಮುಂದೆ ನೋಡದೆ ನನ್ನ ಅಣ್ಣನ ಹೆಸರು ಬರೆದಳು. ಅರ್ಜಿ ತಿರುಗಿ ಬಂತು. ಅರ್ಜಿ ಕೊಡುವ ಕೊನೆಯ ದಿನ ಅಣ್ಣನೊಂದಿಗೆ ನಾನೂ ತಾಲೂಕು ಕಚೇರಿಗೆ ಹೋದೆ.

ಗುಮಾಸ್ತರು ಅಣ್ಣನನ್ನು ನೋಡಿ, "ನಿಮ್ಮ ಹೆಸರಲ್ಲಿ ಇಷ್ಟು ಗದ್ದೆ ಉಂಟು. ನಿಮಗೆ ಎಂತದ್ದು ಅರ್ಧ ಫೀಸು?" ಎಂದರು.

"ಗದ್ದೆ ಕುಟುಂಬದ್ದು ಸ್ವಾಮೀ. ಉಣ್ಣುವ ಬಾಯಿ ಇಪ್ಪತ್ತೆರಡು. ಹೆಸರು ಮಾತ್ರ ನನ್ನದು."

"ಹಾಗಾದರೆ ಈ ಹುಡುಗಿಯನ್ನು ಓದಿಸುವುದು ಯಾರು?"

ಅಣ್ಣ ನನ್ನ ಕಡೆ ತಿರುಗಿದ. ಅವನಿರುವಾಗ ಪರ ಗಂಡಸರೆದುರು ನಾನು ಬಾಯಿ ತೆರೆದವಳಲ್ಲ. "ನಾನು" ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

"ಎಂತ?" ಎಂದರು ಗುಮಾಸ್ತರು.

"ನಾನು ಓದಿಸುವುದು. ಬೀಡಿ ಕಟ್ಟಿ" ಎಂದು ಈ ಸಲ ಗಟ್ಟಿಯಾಗಿ ಹೇಳಿದೆ.

ಯಜಮಾನನ ಹೆಸರು ಹೊಡೆದು ಹಾಕುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅಣ್ಣ ತಾನೇ ಪೆನ್ನು ಕೇಳಿ ತೆಗೆದುಕೊಂಡು ತನ್ನ ಹೆಸರಿನ ಮೇಲೆ ಗೀಟು ಎಳೆದ. ಪೆನ್ನನ್ನು ನನ್ನ ಕೈಗೆ ಕೊಟ್ಟು, "ಬರೆ. ನಾಲ್ಕನೇ ಕ್ಲಾಸು ಕಲಿತದ್ದು ಮತ್ತೆ ಎಂತಕ್ಕೆ?" ಎಂದ.

ನನ್ನ ಹೆಸರು ಬರೆದೆ. ಉದ್ಯೋಗದ ಜಾಗದಲ್ಲಿ ‘ಬೀಡಿ ಕಟ್ಟುವುದು’ ಎಂದು ಬರೆದೆ.

ಹೊರಗೆ ಬಂದಾಗ ಅಣ್ಣ, "ಇನ್ನು ನೀನೇ ಯಜಮಾನಿ ಮಾರಾಯ್ತಿ. ನನಗೊಂದು ಚಾ ಕೊಡಿಸು" ಎಂದು ನಕ್ಕ. ಕೊಡಿಸಿದೆ. ಅವನು ಕುಡಿದು ಬರುವವರೆಗೆ ಹೋಟೆಲಿನ ಹೊರಗೇ ನಿಂತಿದ್ದೆ. ಒಳಗೆ ಹೋಗುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಅರ್ಧ ಫೀಸು ಮಂಜೂರಾಯಿತು. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದ ಮೊದಲ ಹೆಣ್ಣು ನಿಮ್ಮ ಅಮ್ಮ. ಅವಳ ರಕ್ಷಕಿ ಎಂದು ನಾನು ಹೆಸರು ಬರೆದ ಆ ಅರ್ಜಿ ಸರಕಾರದ ಯಾವ ಕಟ್ಟಿನಲ್ಲಿ ಸೇರಿಹೋಯಿತೋ ತಿಳಿಯದು. ನನ್ನ ಅಕ್ಷರ ಉಳಿಯುವುದು ಇನ್ನು ಈ ಹಾಳೆಗಳಲ್ಲಿ ಮಾತ್ರ. ಗೆದ್ದಲು ಹತ್ತದಂತೆ, ಒದ್ದೆಯಾಗದಂತೆ ಜೋಪಾನವಾಗಿಡಿ ಮಕ್ಕಳೇ.