ಬೆಣ್ಣೆ ಕಡೆಯುವ ಜೀಪು
ಮರಲಾಲ್ ಸಂತೆಗೆ ಬಾಡಿಗೆ ಜೀಪು ಓಡಿಸುವ ಮುದುಕ ಲೆಪರ್ಲೀನನಿಗೆ ಯಾರಾದರೂ ಜೀಪಿನ ಬಗ್ಗೆ ಒಂದು ಮಾತಂದರೆ ಸಿಟ್ಟು ನೆತ್ತಿಗೇರುತ್ತದೆ. ಮುಂದಿನ ಚಕ್ರ ಸಣ್ಣ ಗುಂಡಿಗೆ ಇಳಿದರೂ ಸಾಕು, ಸ್ಟೀರಿಂಗು ದೆವ್ವ ಮೆಟ್ಟಿಕೊಂಡ ಹಾಗೆ ಗಡಗಡ ಅಲ್ಲಾಡುತ್ತದೆ. "ಜೀಪಲ್ಲ ಕಣ್ರೋ, ರಸ್ತೆ ನಡುಗ್ತಿರೋದು. ನನ್ನ ಕಂಡ್ರೆ ಅದಕ್ಕೆ ಭಯ!" ಎನ್ನುತ್ತಾನೆ, ಹಿಂದೆ ತುಂಬಿದ ಮೇಕೆಗಳೆಲ್ಲ ಹೌದು ಹೌದೆಂದು ತಲೆಯಾಡಿಸುತ್ತವೆ. ಅಲ್ಲಿನ ದನಗಾಹಿ ಸಂಬುರು ಬುಡಕಟ್ಟಿನ ಹೆಂಗಸರಿಗಂತೂ ಅವನ ಜೀಪೇ ಆಗಬೇಕು. ಹುಳಿಹಾಲಿನ ಸೋರೆಬುರುಡೆಯನ್ನು ಮುಂದಿನ ಸೀಟಿನಲ್ಲಿಟ್ಟರೆ ಸಂತೆ ಮುಟ್ಟುವಷ್ಟರಲ್ಲಿ ಬೆಣ್ಣೆ ತೇಲಿರುತ್ತದೆ. ಮೆಕ್ಯಾನಿಕ್ ಮುತುವಾ ಮಾತ್ರ, "ಅಜ್ಜಾ, ಮುಂದಿನ ಚಕ್ರದ ಕುಲುಕಾಟ ತಡೆಯೋ ರಬ್ಬರ್ ಬುಷ್‌ಗಳೆಲ್ಲ ಸವೆದುಹೋಗಿವೆ, ಒಂದಿನ ಹಳ್ಳಕ್ಕೆ ಹಾಕ್ತೀಯ" ಎಂದು ಗೋಗರೆಯುತ್ತಿದ್ದ. ಮುದುಕ ನೆಂಟರ ಮದುವೆಯಲ್ಲಿ ಮೈಮರೆತಿದ್ದಾಗ ಮುತುವಾನೇ ಹೇಳದೆ ಕೇಳದೆ ಎಲ್ಲ ಹೊಸದು ಹಾಕಿಬಿಟ್ಟ. ಮರುದಿನ ಸ್ಟೀರಿಂಗು ಬಂಡೆಯ ಹಾಗೆ ಅಲ್ಲಾಡದೆ ನಿಂತಿತು; ಅದರ ಮೇಲೆ ಮುದುಕನ ಎರಡು ಕೈಗಳು ಮಾತ್ರ ನಡುಗುತ್ತಲೇ ಇದ್ದವು. ಪಕ್ಕದಲ್ಲಿ ಹಾಲಿನ ಬುರುಡೆ ಹಿಡಿದು ಕೂತಿದ್ದ ಸಂಬುರು ಹೆಂಗಸು ನಸಿಯೆಕು ಅದನ್ನು ನೋಡಿದಳು, ನೋಡಿ ಕಿಟಕಿಯಾಚೆ ಮುಖ ತಿರುಗಿಸಿದಳು. ಇಳಿಯುವಾಗ ಇಡೀ ಸಂತೆಗೆ ಕೇಳುವ ಹಾಗೆ ಬೈದಳು: "ಇದೇನಜ್ಜಾ ನಿನ್ನ ಜೀಪು, ಒಂದು ಚೂರು ಬೆಣ್ಣೆ ಬರಲಿಲ್ಲ! ಮುತುವಾನ ಹತ್ರ ಹೋಗಿ ಆ ಹಳೇ ನಡುಕ ವಾಪಸ್ ಹಾಕಿಸ್ಕೊಂಡು ಬಾ."